ಉಳವಿ ಸೀಮೆಯಲ್ಲಿ ಪಶುವೈದ್ಯದ ಚರಿತ್ರೆ

೧

ನಾಡಿನ ಚರಿತ್ರೆಯನ್ನು ಬರೆಯಹೊರಟವರು ಅರಸರ ವಂಶಾವಳಿಯನ್ನೂ ಯುದ್ಧಗಳನ್ನೂ ದೇವಾಲಯಗಳನ್ನೂ ವಿವರಿಸುವುದು ವಾಡಿಕೆಯಾಗಿದೆ. ಆ ನಾಡಿನ ಒಕ್ಕಲುಮಕ್ಕಳು ತಮ್ಮ ದನಕರುಗಳಿಗೆ ಬೇನೆ ಬಂದಾಗ ಏನು ಮಾಡುತ್ತಿದ್ದರು, ಯಾರ ಬಳಿಗೆ ಹೋಗುತ್ತಿದ್ದರು ಎಂಬುದನ್ನು ವಿಚಾರಿಸಿದವರು ವಿರಳ. ಆದರೆ ಮಲೆನಾಡಿನ ಬೇಸಾಯದ ಮನೆಯ ಮಟ್ಟಿಗೆ ಹೇಳುವುದಾದರೆ, ಸಿಂಹಾಸನದ ಮೇಲೆ ಅರಸು ಬದಲಾದುದಕ್ಕಿಂತ ಕೊಟ್ಟಿಗೆಯಲ್ಲಿ ಎತ್ತು ಸತ್ತುದೇ ದೊಡ್ಡ ಸಂಗತಿಯಾಗಿದ್ದಿತು. ಉಳುವ ಕಾಲದಲ್ಲಿ ಜೋಡಿಯ ಒಂದೆತ್ತು ಬಿದ್ದರೆ ಗದ್ದೆ ಬೀಳು. ಗದ್ದೆ ಬೀಳಾದರೆ ಸಾಲ. ಸಾಲ ಬೆಳೆದರೆ ಭೂಮಿ ಪರರ ಪಾಲು. ಹೀಗೆ ಒಂದು ಮೂಕಪ್ರಾಣಿಯ ಜ್ವರವು ಒಂದು ಮನೆತನದ ಅದೃಷ್ಟವನ್ನೇ ಬದಲಿಸಿಬಿಡುತ್ತಿದ್ದಿತು. ಇಂಥ ವಿಷಯಕ್ಕೆ ಚರಿತ್ರೆಯಲ್ಲಿ ಸ್ಥಳವಿಲ್ಲವೆನ್ನುವುದು ನ್ಯಾಯವಾಗಲಾರದು.

ಇಲ್ಲಿ ಉಳವಿಯೆಂದರೆ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿಗೆ ಸೇರಿದ ಉಳವಿ. ಚೆನ್ನಬಸವಣ್ಣನವರ ಸಮಾಧಿಯಿಂದ ಪ್ರಸಿದ್ಧವಾಗಿರುವ, ಉತ್ತರ ಕನ್ನಡದ ಜೋಯಿಡಾ ಸೀಮೆಯ ಉಳವಿ ಬೇರೆ. ಹೆಸರೊಂದೇ ಆದುದರಿಂದ ಹೊರಗಿನವರಿಗೆ ಭ್ರಾಂತಿಯುಂಟಾಗುವುದು ಸಹಜ. ನಮ್ಮ ಉಳವಿಯ ಸೀಮೆ ಗದ್ದೆ, ತೋಟ, ಬ್ಯಾಣ, ಕಾನುಗಳು ಒಂದರೊಡನೊಂದು ಹೆಣೆದುಕೊಂಡಿರುವ ಸೀಮೆ. ಸೊರಬದ ಕಾನುಗಳು ಎಷ್ಟು ವಿಶೇಷವಾದುವೆಂದರೆ, ೧೮೬೮ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಅಧಿಕಾರಿಗಳು ಅವುಗಳನ್ನು ಕುರಿತೇ ಒಂದು ಪ್ರತ್ಯೇಕ ವರದಿಯನ್ನು ಸರ್ಕಾರಕ್ಕೆ ಬರೆದು ಒಪ್ಪಿಸಿದರು. ಕಾನಿನ ಅಂಚಿನಲ್ಲಿ ಮನೆ. ಮನೆಗೆ ತಾಗಿದ ಕೊಟ್ಟಿಗೆ. ಬೆಳಗಾದರೆ ದನಗಳು ಕಾಡಿಗೆ, ಸಂಜೆಯಾದರೆ ಕಾಡಿನ ಧೂಳನ್ನೂ ಹುಳುವನ್ನೂ ಮೈಮೇಲೆ ಹೊತ್ತು ಮನೆಗೆ. ಈ ನಿತ್ಯಸಂಚಾರವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳುವ ಕಥೆಯೆಲ್ಲ ಇದನ್ನೇ ಅವಲಂಬಿಸಿದೆ.

ಪಶುವೈದ್ಯಶಾಲೆಯು ಪಶುವಿಗೆ ಮಾತ್ರ ಸಂಬಂಧಿಸಿದುದೆಂದೂ, ಮನುಷ್ಯರ ಆಸ್ಪತ್ರೆಗೆ ಅದು ಕಿರಿಯ ತಮ್ಮನೆಂದೂ ವಿದ್ಯಾವಂತರಲ್ಲಿಯೂ ಒಂದು ಭಾವನೆಯುಂಟು. ಈ ಸೀಮೆಯ ಚರಿತ್ರೆಯನ್ನು ನೋಡಿದರೆ ಆ ಭಾವನೆ ನಿಲ್ಲುವುದಿಲ್ಲ. ಇಲ್ಲಿ ಮೂಕಜೀವಿಯ ಬೇನೆಯೇ ಮೊದಲು ಬಂದು, ಮನುಷ್ಯನ ಬೇನೆ ಅದರ ಹಿಂದೆ ಬಂದಿರುವುದನ್ನು ಕಾಣಬಹುದು. ಹಳ್ಳಿಯ ಪಶುವೈದ್ಯನು ಮನೆಯ ಹೆಬ್ಬಾಗಿಲಿನ ಕಾವಲುಗಾರನಿದ್ದಂತೆ. ಇದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

೨

ಮನುಷ್ಯಚಿಕಿತ್ಸೆ, ಪಶುಚಿಕಿತ್ಸೆ ಎಂಬ ಎರಡನ್ನೂ ಅರಸನ ಧರ್ಮವೆಂದು ಒಂದೇ ಉಸಿರಿನಲ್ಲಿ ಹೇಳಿದವನು ಅಶೋಕ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಅವನ ಎರಡನೆಯ ಶಿಲಾಶಾಸನದಲ್ಲಿ ಈ ಎರಡು ಬಗೆಯ ಚಿಕಿತ್ಸೆಗಳ ಪ್ರಸ್ತಾಪವಿದೆ. ಮೂಲಿಕೆಗಳು ದೊರೆಯದ ಕಡೆಯಲ್ಲಿ ಅವುಗಳನ್ನು ತರಿಸಿ ನೆಡಿಸಿದ ಸಂಗತಿಯೂ ಅದರಲ್ಲಿದೆ.

ಇನ್ನು ನಮ್ಮ ಸೀಮೆಗೆ ಬರೋಣ. ಹಿಂದೆ ಇದು ಬನವಾಸಿ ಪನ್ನಿರ್ಛಾಸಿರ ನಾಡಿಗೆ ಸೇರಿದ್ದಿತು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಆ ನಾಡಿನ ರಾಜಧಾನಿಯಾಗಿ ಮೆರೆಯಿತು. ಅಲ್ಲಿಯ ಕೋಡಿಯಮಠವನ್ನು ವರ್ಣಿಸುವ ೧೧೬೨ರ ಶಾಸನವು ಆ ಮಠವನ್ನು ವಿದ್ಯೆಯ ಸ್ಥಾನವೆಂದು ಹೊಗಳುವುದಲ್ಲದೆ, ರೋಗಿಗಳಿಗೆ ಔಷಧೋಪಚಾರ ದೊರೆಯುವ ಸ್ಥಾನವೆಂದೂ, ದೀನರಿಗೆ ಅನ್ನ ದೊರೆಯುವ ಸ್ಥಾನವೆಂದೂ, ಸಕಲ ಜೀವಿಗಳಿಗೂ ಅಭಯ ದೊರೆಯುವ ಸ್ಥಾನವೆಂದೂ ಹೇಳುತ್ತದೆ. ಅಲ್ಲಿ ದನಗಳಿಗೆ ಮದ್ದು ಕೊಡುತ್ತಿದ್ದರೆಂದು ಇದರಿಂದ ಸಾಧಿಸಹೊರಟರೆ ಶಾಸನವನ್ನು ಹಿಗ್ಗಿಸಿ ಓದಿದಂತಾಗುತ್ತದೆ. ಆದರೆ ಔಷಧ, ಅನ್ನ, ಅಭಯ ಎಂಬ ಮೂರನ್ನೂ ಒಂದೇ ಸಂಸ್ಥೆಯ ಕರ್ತವ್ಯವೆಂದು ಆ ಕಾಲದವರು ಎಣಿಸಿದ್ದರೆಂಬುದು ಮಾತ್ರ ಸ್ಪಷ್ಟ.

ಸೊರಬ, ಶಿಕಾರಿಪುರ ತಾಲ್ಲೂಕುಗಳ ಶಾಸನಗಳನ್ನು ರೈಸ್ ಸಾಹೇಬರು ಎಪಿಗ್ರಾಫಿಯಾ ಕರ್ಣಾಟಿಕದ ಏಳು ಎಂಟನೆಯ ಸಂಪುಟಗಳಲ್ಲಿ ೧೯೦೨ ಮತ್ತು ೧೯೦೪ರಲ್ಲಿ ಪ್ರಕಟಿಸಿದರು. ಅವುಗಳನ್ನು ತಿರುವಿಹಾಕಿದರೆ ವೀರಗಲ್ಲುಗಳ ಬಾಹುಳ್ಯ ಕಣ್ಣಿಗೆ ಬೀಳುತ್ತದೆ. ಅನೇಕ ವೀರರು ಸತ್ತುದು ರಾಜ್ಯಕ್ಕಾಗಿ ಅಲ್ಲ. ಶತ್ರುಗಳು ಹೊಡೆದುಕೊಂಡು ಹೋಗುತ್ತಿದ್ದ ಊರ ತುರುಗಳನ್ನು ಮರಳಿಸುವುದಕ್ಕಾಗಿ. ದನವು ಆಗ ಧನವೇ ಆಗಿದ್ದಿತು. ಊರಿನ ತುರುವನ್ನು ಉಳಿಸಿ ಮಡಿದವನಿಗೆ ಸ್ವರ್ಗವೆಂದು ಕಲ್ಲಿನಲ್ಲಿ ಕಡೆದು ನಿಲ್ಲಿಸಿದ ಜನರು, ಕಳ್ಳನಿಂದ ಉಳಿಸಿದ ದನವನ್ನು ರೋಗದಿಂದ ಉಳಿಸುವ ಯತ್ನವನ್ನು ಮಾಡದೆ ಇದ್ದಿರಲಾರರು.

ಆ ಯತ್ನಕ್ಕೆ ಕನ್ನಡದಲ್ಲಿಯೇ ಗ್ರಂಥಸಾಕ್ಷ್ಯವಿದೆ. ಚಾಳುಕ್ಯ ವಂಶದ ರಾಜಪುತ್ರನೂ ಆರನೆಯ ವಿಕ್ರಮಾದಿತ್ಯನ ತಮ್ಮನೂ ಆದ ಕೀರ್ತಿವರ್ಮನು ಸುಮಾರು ೧೧೨೫ರಲ್ಲಿ 'ಗೋವೈದ್ಯ'ವೆಂಬ ಗ್ರಂಥವನ್ನು ರಚಿಸಿದನು. ಅದರಲ್ಲಿ ಮದ್ದಿನೊಡನೆ ಮಂತ್ರವೂ ಬೆರೆತಿದೆ. ಇಂದಿನವರಿಗೆ ಮಂತ್ರಭಾಗ ಹಾಸ್ಯಾಸ್ಪದವಾಗಿ ಕಾಣಬಹುದು. ಆದರೆ ರಾಜಕುಮಾರನೊಬ್ಬನು ಯುದ್ಧಕ್ಕೆ ಬೇಕಾದ ಕುದುರೆ ಆನೆಗಳನ್ನು ಬಿಟ್ಟು ಒಕ್ಕಲಿಗನ ಹಸುವಿನ ಬೇನೆಯ ವಿಷಯವನ್ನೆತ್ತಿಕೊಂಡು, ಅದನ್ನು ಸಂಸ್ಕೃತದಲ್ಲಿ ಬರೆಯದೆ ಕನ್ನಡದಲ್ಲಿ ಬರೆದನೆಂಬುದು ಅಲ್ಪವಾದ ಸಂಗತಿಯಲ್ಲ. ಅದೇ ವಂಶದ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಆನೆ ಕುದುರೆಗಳ ಲಕ್ಷಣ, ಪೋಷಣೆಗಳೂ, ಬೇಟೆನಾಯಿಗಳ ವಿನೋದವೂ ವಿವರಿಸಲ್ಪಟ್ಟಿವೆ. ಉಳವಿಗೆ ನೆರೆಯದಾದ ಕೆಳದಿಯ ಅರಸು ಬಸವಪ್ಪನಾಯಕನು ೧೭೦೯ರಲ್ಲಿ ಮುಗಿಸಿದ 'ಶಿವತತ್ತ್ವರತ್ನಾಕರ'ದ ವಿಶ್ವಕೋಶದಲ್ಲಿಯೂ ಗಜ, ಅಶ್ವಗಳ ವಿಚಾರಕ್ಕೆ ಸ್ಥಳವುಂಟು.

ಸಾಕುಪ್ರಾಣಿಯ ಮೇಲಣ ಮಮತೆ ಈಚಿನ ಪಟ್ಟಣವಾಸಿಗಳ ಹವ್ಯಾಸವೆಂದು ಹೇಳುವವರಿಗೆ ಆತಕೂರಿನ ಶಾಸನವೊಂದೇ ಸಾಕಾದ ಉತ್ತರ. ಇದು ನಮ್ಮ ಸೀಮೆಯದಲ್ಲ, ಮಂಡ್ಯದ ಕಡೆಯದು. ಕಾಲ ಸುಮಾರು ೯೪೯–೫೦. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ, ಬೇಕಾದುದನ್ನು ಬೇಡೆಂದು ಒಡೆಯನು ಹೇಳಿದಾಗ ಅವನು ಬೇಡಿದುದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿಯೆಂಬ ನಾಯಿಯನ್ನು. ಆ ನಾಯಿ ಮುಂದೆ ದೊಡ್ಡದೊಂದು ಹಂದಿಯೊಡನೆ ಹೋರಿ, ಅದನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಪೂಜೆಯ ಏರ್ಪಾಡನ್ನೂ ಮಾಡಲಾಯಿತು. ಆ ಕಲ್ಲು ಇಂದಿಗೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇಂದು ತನ್ನ ನಾಯಿಯನ್ನು ಎತ್ತಿಕೊಂಡು ಹಳ್ಳಿಯ ಪಶುವೈದ್ಯಶಾಲೆಯ ಜಗುಲಿಯಲ್ಲಿ ಕಾಯುವವನು ಮಣಲೆರನ ಕುಲದವನೇ ಸರಿ.

೩

ಗ್ರಂಥವೈದ್ಯ ಹೀಗಿರಲು, ಮನೆಮನೆಯ ವೈದ್ಯ ಬೇರೊಂದು ದಾರಿಯಲ್ಲಿ ನಡೆದುಬಂದಿತು. ಊರಿಗೊಬ್ಬನಾದರೂ ನಾಟಿವೈದ್ಯನಿರುತ್ತಿದ್ದನು. ಬಿದಿರಿನ ಗೊಟ್ಟದಲ್ಲಿ ಕಷಾಯವನ್ನು ಹೊಯ್ಯುವುದು, ಮುರಿದ ಕಾಲಿಗೆ ಬಿದಿರ ದಬ್ಬೆ ಕಟ್ಟುವುದು, ಹೊಟ್ಟೆಯುಬ್ಬರಕ್ಕೆ ಶುಂಠಿ, ಓಮ, ಇಂಗುಗಳನ್ನು ಅರೆದು ಕೊಡುವುದು, ಕಾಲುಬಾಯಿ ಜ್ವರ ಬಂದ ದನಗಳನ್ನು ಕೆಸರಿನಲ್ಲಿ ನಿಲ್ಲಿಸುವುದು, ಊತಕ್ಕೆ ಕಾದ ಕಬ್ಬಿಣದಿಂದ ಬರೆ ಹಾಕುವುದು ಇವೆಲ್ಲ ಅವನ ವಿದ್ಯೆ. ಇವುಗಳಲ್ಲಿ ಕೆಲವು ಹಿತಕರ; ಕೆಲವು ನಿರುಪಯುಕ್ತ; ಬರೆಯಂಥವು ಕ್ರೂರವೂ ಹೌದು. ಆದರೆ ಮೂಳೆ ಕಟ್ಟುವುದರಲ್ಲಿಯೂ, ಅಡ್ಡಬಿದ್ದ ಕರುವನ್ನು ತಿರುಗಿಸಿ ಹೆರಿಗೆ ಮಾಡಿಸುವುದರಲ್ಲಿಯೂ ನುರಿತ ಕೈಗಳು ಹಳ್ಳಿಗಳಲ್ಲಿ ಇದ್ದುವೆಂಬುದನ್ನು ಅಲ್ಲಗಳೆಯಲಾಗದು.

ಒಂದೊಂದು ದನಕ್ಕೆ ಬರುವ ಬೇನೆಗೆ ಈ ವೈದ್ಯ ಸಾಕಾಗುತ್ತಿದ್ದಿತು. ಊರಿನ ದನವೆಲ್ಲಕ್ಕೂ ಒಮ್ಮೆಗೇ ಬರುವ ಪಿಡುಗಿಗೆ ಮಾತ್ರ ಇದು ಸಾಲದಾಯಿತು. ಆಗ ಉಳಿದಿದ್ದುದು ಮಾರಿಯ ಮೊರೆ. ಹರಕೆ ಹೊರುವುದು, ಮಾರಿಯನ್ನು ಊರ ಗಡಿ ದಾಟಿಸುವುದು, ಊರಿಗೆ ಊರೇ ಮನೆ ಬಿಟ್ಟು ಹೊರಬೀಡು ಹೋಗುವುದು ಮುಂತಾದ ಆಚಾರಗಳು ಕನ್ನಡನಾಡಿನ ಹಳ್ಳಿಗಳಲ್ಲಿ ಬೇರೂರಿದ್ದುವು. ಇವುಗಳನ್ನು ಮೂಢತೆಯೆಂದು ತಳ್ಳಿಹಾಕುವ ಮೊದಲು, ರೋಗವಿದ್ದ ಸ್ಥಳದಿಂದ ದೂರ ಸರಿಯಬೇಕೆಂಬ ಅನುಭವದ ಎಳೆಯೊಂದು ಅವುಗಳಲ್ಲಿ ಸೇರಿದ್ದಿತೇ ಎಂದು ಆಲೋಚಿಸುವುದು ಒಳ್ಳೆಯದು.

ಸರ್ಕಾರದ ಕಡೆಯಿಂದ ಪಶುಪಾಲನೆ ನಡೆಯಲಿಲ್ಲವೆಂದಲ್ಲ. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯೇ ಟಿಪ್ಪುವಿನ ಕಾಲದಲ್ಲಿ 'ಅಮೃತಮಹಲ್' ಎಂಬ ಹೆಸರನ್ನು ಪಡೆಯಿತು. ಟಿಪ್ಪುವು ಅದರ ಆಡಳಿತಕ್ಕಾಗಿ ಹುಕುಂನಾಮೆಯನ್ನೇ ಹೊರಡಿಸಿದನು. ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ದನಗಳು ಆಂಗ್ಲರ ವಶವಾಗಿ ಅವರ ಫಿರಂಗಿಗಳನ್ನು ಎಳೆದುವು. ಮಿತವ್ಯಯದ ನೆಪದಿಂದ ೧೮೬೦ರಲ್ಲಿ ಆ ಇಲಾಖೆಯನ್ನು ಮುಚ್ಚಿ, ಸಮರ್ಥವಾದ ಎತ್ತುಗಳು ಸಿಕ್ಕದೆ ಹೋದಾಗ ೧೮೬೬ರಲ್ಲಿ ಮತ್ತೆ ತೆರೆಯಬೇಕಾಯಿತು. ಉಳಿತಾಯಕ್ಕೆಂದು ಮುಚ್ಚಿದುದನ್ನು ಆರೇ ವರ್ಷದಲ್ಲಿ ಮರಳಿ ಕಟ್ಟಬೇಕಾದ ಈ ಪ್ರಸಂಗ ಮುಂದಿನವರಿಗೂ ಪಾಠವಾಗತಕ್ಕದ್ದು. ಅದಿರಲಿ, ಈ ಪಾಲನೆಯೆಲ್ಲವೂ ದಂಡಿನ ಎತ್ತಿಗೆ. ಉಳವಿಯ ಒಕ್ಕಲಿಗನ ಗಿಡ್ಡ ದನವನ್ನು ಕೇಳುವವರು ಆಗ ಯಾರೂ ಇರಲಿಲ್ಲ.

೪

ಆ ಗಿಡ್ಡ ದನಕ್ಕೂ ಸರ್ಕಾರದ ವೈದ್ಯನು ಬರುವಂತೆ ಮಾಡಿದುದು ದೊಡ್ಡರೋಗ. ಜ್ವರ, ಬಾಯಿಯ ಹುಣ್ಣು, ಕಣ್ಣುಮೂಗುಗಳಲ್ಲಿ ಸೋರಿಕೆ, ತಡೆಯಲಾಗದ ಭೇದಿ. ಅನಂತರ ಕೆಲವೇ ದಿನಗಳಲ್ಲಿ ಸಾವು. ಲೋಕದಲ್ಲಿ ಪಶುವೈದ್ಯವಿದ್ಯೆ ಶಾಸ್ತ್ರದ ರೂಪವನ್ನು ತಾಳಿದುದಕ್ಕೂ ಈ ರೋಗದ ಹಾವಳಿಯೇ ಮುಖ್ಯ ಕಾರಣ. ಫ್ರಾನ್ಸಿನ ಲಿಯಾನ್ ಪಟ್ಟಣದಲ್ಲಿ ಬೂರ್ಜೆಲಾ ಎಂಬಾತನು ಸ್ಥಾಪಿಸಿದ, ೧೭೬೨ರಲ್ಲಿ ಪಾಠ ಆರಂಭಿಸಿದ ಶಾಲೆಯೇ ಆಧುನಿಕ ಪಶುವೈದ್ಯಶಾಲೆಗಳಲ್ಲಿ ಮೊದಲನೆಯದು. ಭಾರತದಲ್ಲಿ ದನಗಳ ಪಿಡುಗುಗಳನ್ನು ವಿಚಾರಿಸಲು ನೇಮಿಸಿದ ಆಯೋಗವು ೧೮೭೧ರಲ್ಲಿ ವರದಿಯನ್ನೊಪ್ಪಿಸಿತು. ೧೮೮೯ರಲ್ಲಿ ಪುಣೆಯಲ್ಲಿ ಆರಂಭವಾದ ಪ್ರಯೋಗಶಾಲೆಯು ಕೆಲವು ವರ್ಷಗಳಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಬೊಂಬಾಯಿಯಲ್ಲಿ ೧೮೮೬ರಲ್ಲಿ, ಮದರಾಸಿನಲ್ಲಿ ೧೯೦೩ರಲ್ಲಿ ಪಶುವೈದ್ಯ ಕಾಲೇಜುಗಳು ಹುಟ್ಟಿದುವು. ಬೆಂಗಳೂರಿನ ಹೆಬ್ಬಾಳದಲ್ಲಿ ಕಾಲೇಜು ಆದುದು ೧೯೫೮ರಲ್ಲಿ. ಈಗ ಶಿವಮೊಗ್ಗದಲ್ಲಿಯೂ ಒಂದುಂಟು.

ದೊಡ್ಡರೋಗಕ್ಕೆ ಬೇಕಾದ ಸೀರಂ ತಯಾರಿಸುವುದಕ್ಕಾಗಿ ಮೈಸೂರು ಸಂಸ್ಥಾನವು ೧೯೨೫ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟನ್ನು ಸ್ಥಾಪಿಸಿತು. ಇದೇ ಮುಂದೆ ಹೆಬ್ಬಾಳದ ಪ್ರಾಣಿ ಆರೋಗ್ಯ ಮತ್ತು ಪಶು ಜೈವಿಕ ಸಂಸ್ಥೆಯಾಯಿತು. ಈ ಸಂಸ್ಥೆಯ ಹೆಸರು ಈ ಲೇಖನದಲ್ಲಿ ಮತ್ತೊಮ್ಮೆ ಬರಲಿದೆ. ಅದೇ ದಶಕದಲ್ಲಿ ಮುಕ್ತೇಶ್ವರದ ಎಡ್ವರ್ಡ್ಸ್ ಎಂಬಾತನು ರೋಗಾಣುವನ್ನು ಮೇಕೆಯಿಂದ ಮೇಕೆಗೆ ದಾಟಿಸಿ ಅದರ ಉಗ್ರತೆಯನ್ನು ತಗ್ಗಿಸುವ ಉಪಾಯವನ್ನು ಕಂಡುಹಿಡಿದನು. ಕಡಮೆ ವೆಚ್ಚದ ಲಸಿಕೆ ಆಗ ಕೈಗೆ ಬಂದಿತು.

ಕೈಗೆ ಬಂದ ಲಸಿಕೆಯನ್ನು ಕೊಟ್ಟಿಗೆಗೆ ಮುಟ್ಟಿಸುವವರು ಯಾರು? ಈ ಪ್ರಶ್ನೆಗೆ ಉತ್ತರವಾಗಿಯೇ ಹಳ್ಳಿಯ ಪಶುವೈದ್ಯಶಾಲೆಗಳು ಬೆಳೆದುವು. ೧೯೫೪ರಲ್ಲಿ ರಾಷ್ಟ್ರವ್ಯಾಪಿಯಾದ ನಿರ್ಮೂಲನ ಯೋಜನೆ ಆರಂಭವಾಯಿತು. ಲಸಿಕೆ ಕೆಡದಂತೆ ಮಂಜುಗಡ್ಡೆಯಲ್ಲಿಟ್ಟು, ಬಸ್ಸು ಹೋದಲ್ಲಿಯವರೆಗೆ ಬಸ್ಸಿನಲ್ಲಿ, ಮುಂದೆ ಸೈಕಲ್ಲಿನಲ್ಲಿಯೋ ಕಾಲುನಡೆಯಲ್ಲಿಯೋ ಹೋಗಿ, ಮೇಯಲು ಬಿಡುವ ಮೊದಲೇ ದನಗಳನ್ನು ಹಿಡಿಸಿ ಚುಚ್ಚುವುದು ಎಂತಹ ಶ್ರಮದ ಕೆಲಸವೆಂಬುದನ್ನು ಮಲೆನಾಡಿನ ದಾರಿಗಳನ್ನು ಬಲ್ಲವರು ಊಹಿಸಬಲ್ಲರು. ಭಾರತದಲ್ಲಿ ಈ ರೋಗ ಕಡೆಯ ಬಾರಿ ಕಾಣಿಸಿಕೊಂಡುದು ೧೯೯೫ರಲ್ಲಿ. ೨೦೦೬ರಲ್ಲಿ ನಮ್ಮ ದೇಶವೂ ೨೦೧೧ರಲ್ಲಿ ಸಮಸ್ತ ಭೂಮಂಡಲವೂ ರೋಗಮುಕ್ತವೆಂದು ಘೋಷಿತವಾದುವು. ಮಾನವರ ಸಿಡುಬಿನ ತರುವಾಯ ಮನುಷ್ಯಪ್ರಯತ್ನದಿಂದ ಭೂಮಿಯ ಮೇಲಿಂದ ಅಳಿಸಿಹೋದ ರೋಗ ಇದೊಂದೇ. ಸಿಡುಬಿನ ಅಂತ್ಯವನ್ನು ಶಾಲೆಯ ಮಕ್ಕಳೂ ಬಲ್ಲರು. ದೊಡ್ಡರೋಗದ ಅಂತ್ಯವನ್ನು ದನವಿದ್ದ ಮನೆಯವರೂ ಮರೆತಿದ್ದಾರೆ. ಬಾರದೆ ಹೋದ ರೋಗಕ್ಕೆ ನೆನಪಿಲ್ಲ.

೫

ಇದುವರೆಗಿನ ಕಥೆಯಲ್ಲಿ ಉಳವಿಯ ಸೀಮೆ ಎಲ್ಲ ಸೀಮೆಗಳ ಹಾಗೆ ಒಂದು. ೧೯೫೭ರಲ್ಲಿ ಮಾತ್ರ ಸೊರಬ ತಾಲ್ಲೂಕಿನ ಕಾಡೊಂದರ ಹೆಸರು ಲೋಕದ ವೈದ್ಯಗ್ರಂಥಗಳಲ್ಲಿ ಶಾಶ್ವತವಾಗಿ ಸೇರಿಹೋಯಿತು. ಆ ಹೆಸರು ಕ್ಯಾಸನೂರು.

ಆ ವರ್ಷದ ಬೇಸಗೆಯ ಮೊದಲಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಮುಸುವಗಳೂ ಕೋತಿಗಳೂ ಸತ್ತುಬೀಳತೊಡಗಿದುವು. ಕಾಡಿಗೆ ಹೋಗಿಬರುತ್ತಿದ್ದ ಸುತ್ತಣ ಹಳ್ಳಿಗರಿಗೆ ಹಠಾತ್ತಾಗಿ ಜ್ವರ, ಸಹಿಸಲಾಗದ ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಮೊದಲು ಇದನ್ನು ವಿಷಮಜ್ವರವೆಂದು ಶಂಕಿಸಿದರು. ಮಂಗಗಳೂ ಸಾಯುತ್ತಿರುವ ವರ್ತಮಾನ ಬಂದ ಮೇಲೆ ಇನ್ನೊಂದು ಭಯ ಹುಟ್ಟಿತು. ಆಫ್ರಿಕ ಅಮೆರಿಕಗಳಲ್ಲಿದ್ದು ಏಷ್ಯಾಖಂಡಕ್ಕೆ ಎಂದೂ ಕಾಲಿಡದ ಹಳದಿಜ್ವರ ಬಂದುಬಿಟ್ಟಿತೇ ಎಂಬ ಆ ಭಯದಿಂದ ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಟೆಲ್‌ಫರ್ಡ್ ವರ್ಕ್ ಎಂಬ ವಿದ್ವಾಂಸರ ಮುಖಂಡತನದಲ್ಲಿ ತ್ವರೆಯಿಂದ ಇಲ್ಲಿಗೆ ಬಂದರು. ಅವರು ಕಂಡುಕೊಂಡುದು ಹಳದಿಜ್ವರವನ್ನಲ್ಲ. ಅದುವರೆಗೆ ಯಾರೂ ಅರಿಯದಿದ್ದ, ರಷ್ಯಾದೇಶದ ಕಾಡುಗಳಲ್ಲಿ ಉಣ್ಣೆಯಿಂದ ಹರಡುವ ಮೆದುಳುಜ್ವರಕ್ಕೆ ಬಂಧುವಾದ, ಹೊಸದೊಂದು ರೋಗಾಣುವನ್ನು. ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆಯೆಂದು ಹೆಸರಾಯಿತು. ನಮ್ಮ ಜನರ ಬಾಯಲ್ಲಿ ಅದು ಮಂಗನ ಕಾಯಿಲೆ. ಸಂಶೋಧಕರು ಸಾಗರದಲ್ಲಿ ಕ್ಷೇತ್ರಕೇಂದ್ರವೊಂದನ್ನು ತೆರೆದು ಬಹುಕಾಲ ದುಡಿದರು. ರಷ್ಯಾದಿಂದ ವಲಸೆಯ ಹಕ್ಕಿಗಳು ಈ ರೋಗವನ್ನು ತಂದುವೋ ಎಂಬ ಸಂಶಯವು ಸಲೀಂ ಆಲಿಯವರ ನೇತೃತ್ವದ ಹಕ್ಕಿವಲಸೆಯ ಅಧ್ಯಯನಕ್ಕೂ ಪ್ರೇರಣೆಯಾಯಿತು.

ಈ ರೋಗದ ನಡೆಯನ್ನು ತಿಳಿದರೆ ಪಶುವೈದ್ಯನಿಗೂ ಇದಕ್ಕೂ ಏನು ಸಂಬಂಧವೆಂಬುದು ಗೊತ್ತಾಗುತ್ತದೆ. ರೋಗಾಣುವನ್ನು ಹೊರುವುದು ಕಾಡಿನ ಉಣುಗು. ಅದರ ಮರಿಗಳು ಇಲಿ, ಅಳಿಲು, ಹಕ್ಕಿ, ಮಂಗ ಮುಂತಾದುವುಗಳ ರಕ್ತವನ್ನು ಹೀರುತ್ತವೆ. ತರಗೆಲೆಯಲ್ಲಿ ನಡೆಯುವ ಮನುಷ್ಯನಿಗೂ ಹತ್ತುತ್ತವೆ. ಬೆಳೆದ ಉಣುಗಿಗೆ ಮಾತ್ರ ದೊಡ್ಡ ಪ್ರಾಣಿ ಬೇಕು. ಕಾಡಿನಲ್ಲಿ ಕಡವೆ ಜಿಂಕೆಗಳು ಕಡಮೆಯಾದಲ್ಲಿ ಆ ದೊಡ್ಡ ಪ್ರಾಣಿಯೆಂದರೆ ಮೇಯಲು ಹೋದ ನಮ್ಮ ದನವೇ. ದನಕ್ಕೆ ಈ ಕಾಯಿಲೆ ಬಾಧಿಸುವುದಿಲ್ಲ. ಆದರೆ ಅದರ ರಕ್ತವನ್ನುಂಡ ಉಣುಗು ಸಾವಿರಾರು ಮೊಟ್ಟೆಗಳನ್ನಿಟ್ಟು ತನ್ನ ಸಂತತಿಯನ್ನು ಬೆಳಸುತ್ತದೆ. ಬೊಶೆಲ್ ಎಂಬ ವಿದ್ವಾಂಸರು ೧೯೬೯ರಲ್ಲಿ ಇದನ್ನೇ ವಿಸ್ತರಿಸಿ, ಸಾಗರ ಸೊರಬದ ಕಡೆಯಲ್ಲಿ ಕಾಡು ಕಡಿದು ಗದ್ದೆ ಮಾಡಿದುದು, ಜನವೂ ದನವೂ ಹೆಚ್ಚಿದುದು, ಕಾಡಿನಂಚಿನಲ್ಲಿ ಪೊದೆ ಬೆಳೆದುದು ಇವೆಲ್ಲ ಸೇರಿ ಕಾಡಿನೊಳಗೆ ಮಲಗಿದ್ದ ರೋಗವನ್ನು ಎಬ್ಬಿಸಿರಬೇಕೆಂದು ಅಭಿಪ್ರಾಯಪಟ್ಟರು. ಮೊದಲಲ್ಲಿ ಹೇಳಿದ ದನಗಳ ನಿತ್ಯಸಂಚಾರದ ಅರ್ಥ ಈಗ ತಿಳಿಯುತ್ತದೆ.

ಈ ರೋಗಕ್ಕೆ ಲಸಿಕೆಯನ್ನು ತಯಾರಿಸಿದವರು ಯಾರು? ದೊಡ್ಡರೋಗದ ಸೀರಮ್ಮಿಗಾಗಿ ಹುಟ್ಟಿದ ಹೆಬ್ಬಾಳದ ಆ ಸಂಸ್ಥೆಯೇ. ದನಗಳಿಗಾಗಿ ಕಟ್ಟಿದ ಮನೆಯಲ್ಲಿ ಮಲೆನಾಡಿನ ಮನುಷ್ಯರಿಗೆ ಬೇಕಾದ ಲಸಿಕೆ ಬಹುವರ್ಷ ತಯಾರಾಯಿತು. ಅದರ ಗುಣ ಸಾಲದೆಂದು ಕಂಡುಬಂದುದರಿಂದ ೨೦೨೨ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯ ಪ್ರಯತ್ನ ನಡೆದಿದೆ. ೨೦೧೮–೧೯ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಕಡೆಯಲ್ಲಿ ಈ ಕಾಯಿಲೆ ಮರಳಿ ಪ್ರಬಲಿಸಿ ಅನೇಕರ ಪ್ರಾಣಗಳನ್ನು ತೆಗೆದುಕೊಂಡಿತು. ಇಂದಿಗೂ ಮೊದಲ ಎಚ್ಚರಿಕೆ ೧೯೫೭ರಲ್ಲಿದ್ದುದೇ: ಕಾಡಿನಲ್ಲಿ ಸತ್ತ ಮಂಗ. ಅದರ ಸುದ್ದಿ ಬಂದೊಡನೆ ಶವವನ್ನು ಪರೀಕ್ಷಿಸಿ, ಅಂಗಾಂಶವನ್ನು ಪ್ರಯೋಗಶಾಲೆಗೆ ಕಳುಹಿಸುವ ಕೆಲಸ ಪಶುವೈದ್ಯನ ಪಾಲಿಗೆ ಬರುತ್ತದೆ. ಆ ಸುದ್ದಿ ಎರಡು ದಿನ ತಡವಾದರೆ, ಅದೇ ಕಾಡಿಗೆ ದರಗು ತರಲು ಹೋದವರು ಎಷ್ಟು ಮಂದಿ ಎಂಬುದರ ಮೇಲೆ ಮುಂದಿನ ವಾರದ ಆಸ್ಪತ್ರೆಯ ಹಾಸಿಗೆಗಳ ಲೆಕ್ಕ ನಿಲ್ಲುತ್ತದೆ.

೬

ಇನ್ನು ಈಗಿನ ಹೋಬಳಿಯ ಪಶುವೈದ್ಯಶಾಲೆಯ ಸ್ಥಿತಿಯನ್ನು ಸ್ವಲ್ಪ ನೋಡೋಣ. ಒಂದು ಕಟ್ಟಡ, ಅಂಗಳದಲ್ಲಿ ದನವನ್ನು ನಿಲ್ಲಿಸುವ ಕಂಬಗಳ ಚೌಕಟ್ಟು, ಲಸಿಕೆಯನ್ನಿಡುವ ತಂಪುಪೆಟ್ಟಿಗೆ, ಹೋರಿಗಳ ವೀರ್ಯವನ್ನು ಹೆಪ್ಪುಗಟ್ಟಿಸಿಡುವ ದ್ರವಸಾರಜನಕದ ಪಾತ್ರೆ, ವೈದ್ಯರೊಬ್ಬರು, ಸಹಾಯಕರು ಒಬ್ಬಿಬ್ಬರು. ಬೆಳಗಿನ ಹೊತ್ತು ಜಗುಲಿಯ ಮೇಲೆ ಮೇಕೆ, ನಾಯಿ, ಕೋಳಿಗಳನ್ನು ತಂದವರು. ಮಧ್ಯಾಹ್ನದ ಮೇಲೆ ಎಬ್ಬಿಸಲಾಗದೆ ಮಲಗಿದ ದನವಿರುವ ಮನೆಗಳ ತಿರುಗಾಟ. ಮನುಷ್ಯವೈದ್ಯನಿಗೆ ರೋಗಿಯು ತನ್ನ ನೋವನ್ನು ಹೇಳುತ್ತಾನೆ. ಇಲ್ಲಿ ಯಜಮಾನನ ಮಾತಿನಿಂದ, ಸಗಣಿಯಿಂದ, ಕಿವಿಯ ತಂಪಿನಿಂದ, ಮೆಲುಕು ನಿಂತ ಹೊತ್ತಿನಿಂದ ವೈದ್ಯನು ರೋಗವನ್ನು ಊಹಿಸಬೇಕು. ೧೯೭೬ರ ರಾಷ್ಟ್ರೀಯ ಕೃಷಿ ಆಯೋಗವು ೫,೦೦೦ ದನಗಳಿಗೊಬ್ಬ ವೈದ್ಯನಿರಬೇಕೆಂದು ಹೇಳಿತು. ೧೯೬೨ ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಬರುವ ಸಂಚಾರಿ ಪಶುವೈದ್ಯವಾಹನವೂ ಈಗ ಉಂಟು. ಆದರೂ ಮಳೆಗಾಲದ ಇರುಳಿನಲ್ಲಿ ಕರು ಅಡ್ಡಬಿದ್ದಾಗ ಹತ್ತಿರದಲ್ಲಿ ಪರಿಚಿತನಾದ ವೈದ್ಯನೊಬ್ಬನಿರುವುದಕ್ಕೆ ಸಮನಾದುದು ಬೇರೊಂದಿಲ್ಲ.

ಕೊಟ್ಟಿಗೆಯೂ ಬದಲಾಗಿದೆ. ಉಳುವುದಕ್ಕೆ ಯಂತ್ರ ಬಂದುದರಿಂದ ಎತ್ತುಗಳು ವಿರಳವಾದುವು. ದೀಪಾವಳಿಯ ತರುವಾಯ ಸೊರಬ ಶಿಕಾರಿಪುರಗಳ ಕಡೆ ನಡೆಯುವ ಹೋರಿ ಬೆದರಿಸುವ ಹಬ್ಬಕ್ಕೆಂದು ಸಾಕುವ ಹೋರಿಗಳ ವೈಭವ ಮಾತ್ರ ಉಳಿದಿದೆ. ಹಾಲಿಗಾಗಿ ಮಿಶ್ರತಳಿಯ ಹಸುಗಳು ಬಂದಿವೆ. ಅವು ಹಾಲನ್ನು ಹೆಚ್ಚಾಗಿ ಕೊಡುತ್ತವೆ. ಕಾಯಿಲೆಯನ್ನೂ ಹೆಚ್ಚಾಗಿ ತರುತ್ತವೆ. ಕಾಡಿನ ಉಣ್ಣೆಯಿಂದ ಬರುವ ಜ್ವರಗಳು ಮಲೆನಾಡು ಗಿಡ್ಡಕ್ಕೆ ಲಕ್ಷ್ಯವಿಲ್ಲದುವು, ಮಿಶ್ರತಳಿಗೆ ಪ್ರಾಣಾಂತಿಕ. ಗಿಡ್ಡ ತಳಿಯನ್ನು ಈಗ ಸರ್ಕಾರವು ಪ್ರತ್ಯೇಕವಾದ ತಳಿಯೆಂದು ಮನ್ನಿಸಿದೆ. ಹಾಲಿನ ಅಳತೆಯಿಂದ ಸೋತ ಆ ದನವು ಸಹನೆಯ ಅಳತೆಯಿಂದ ಗೆದ್ದಿತೆನ್ನಬಹುದು.

ಮನುಷ್ಯನಿಗೂ ತಗಲುವ ಬೇನೆಗಳ ಅಪಾಯ ಕೊಟ್ಟಿಗೆಯಲ್ಲಿ ಇಂದಿಗೂ ತಪ್ಪಿಲ್ಲ. ತಿಂಗಳು ತುಂಬುವ ಮೊದಲೇ ಹಸು ಕಂದು ಹಾಕಿದರೆ, ಬೀಳದ ಮಾಸನ್ನು ಬರಿಗೈಯಿಂದ ತೆಗೆಯಹೋದವನಿಗೆ ಅದೇ ರೋಗ ತಗಲಿ, ವರ್ಷಗಟ್ಟಲೆ ಬಿಟ್ಟುಬಿಟ್ಟು ಬರುವ ಜ್ವರವೂ ಕೀಲುನೋವೂ ಉಳಿಯಬಹುದು. ೨೦೧೯ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯ­ಕ್ರಮದಂತೆ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಇದರ ಲಸಿಕೆಯನ್ನು ಹಾಕುತ್ತಾರೆ. ಕಾಲುಬಾಯಿ ಜ್ವರದ ಲಸಿಕೆಯೂ ಅದರಲ್ಲಿಯೇ ಸೇರಿದೆ.

ಎಲ್ಲಕ್ಕಿಂತ ಭಯಂಕರವಾದುದು ಹುಚ್ಚುನಾಯಿಯ ರೋಗ. ಪಾಸ್ತರನು ೧೮೮೫ರ ಜುಲೈಯಲ್ಲಿ ಮೊದಲ ಬಾಲಕನಿಗೆ ಲಸಿಕೆ ಕೊಟ್ಟನು. ದಕ್ಷಿಣದಲ್ಲಿ ಕೂನೂರಿನ ಪಾಸ್ತರ್ ಸಂಸ್ಥೆ ೧೯೦೭ರಲ್ಲಿ ಸ್ಥಾಪಿತವಾಯಿತು. ಕಸೌಲಿಯ ಸೆಂಪಲ್ಲನು ೧೯೧೧ರಲ್ಲಿ ಕುರಿಯ ಮೆದುಳಿನಿಂದ ತಯಾರಿಸಿದ ಲಸಿಕೆಯೇ, ಹೊಟ್ಟೆಯ ಸುತ್ತ ಹಲವು ದಿನ ಚುಚ್ಚಿಸಿಕೊಳ್ಳುವ ಆ ಸಂಕಟದೊಡನೆ, ಸುಮಾರು ೨೦೦೫ರವರೆಗೂ ಈ ದೇಶದಲ್ಲಿ ಬಳಕೆಯಲ್ಲಿದ್ದಿತು. ಈಗಿನ ಲಸಿಕೆ ಸುಖಕರವೂ ಸಮರ್ಥವೂ ಆದುದು. ಆದರೆ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನು ಬದುಕುವುದಿಲ್ಲವೆಂಬ ಮಾತು ಇಂದಿಗೂ ಹೆಚ್ಚುಕಡಮೆ ಸತ್ಯವೇ.

ಹಳ್ಳಿಯಲ್ಲಿ ಈ ರೋಗ ನಾಯಿಯ ಕಡಿತವೆಂಬ ಸ್ಪಷ್ಟರೂಪದಿಂದಲೇ ಬರುವುದಿಲ್ಲ. ಮೇಯುವಲ್ಲಿ ಹುಚ್ಚುನಾಯಿ ಕಚ್ಚಿದ ಹಸುವು ಕೆಲವು ವಾರಗಳಾದ ಮೇಲೆ ಮೇವು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ಗಂಟಲು ಕಟ್ಟಿದಂತೆ ಅರಚುತ್ತದೆ. ಅಡಕೆಯೋ ಮಾವಿನ ವಾಟೆಯೋ ಗಂಟಲಿಗೆ ಸಿಕ್ಕಿಕೊಂಡಿತೆಂದು ಭಾವಿಸಿ ಯಜಮಾನನು ಅದರ ಬಾಯೊಳಗೆ ಕೈಯಿಡುತ್ತಾನೆ. ಕೈಯಲ್ಲಿ ಗೀರು ಗಾಯಗಳಿದ್ದರೆ ಆ ಜೊಲ್ಲೇ ಮೃತ್ಯು. ಆಗ 'ಕೈ ತೆಗೆ, ಸೋಪಿನಿಂದ ಹದಿನೈದು ನಿಮಿಷ ತೊಳೆ, ಇಂದೇ ಆಸ್ಪತ್ರೆಗೆ ಹೋಗು' ಎಂದು ಹೇಳಬಲ್ಲವನು ಹಳ್ಳಿಯಲ್ಲಿ ಒಬ್ಬನೇ: ದನದ ಡಾಕ್ಟರು. ಮನೆಯ ಮಂದಿಯನ್ನೆಲ್ಲ ಅವನು ಆ ಒಂದು ಮಾತಿನಿಂದ ಉಳಿಸುತ್ತಾನೆ. ತಿಂಗಳ ವರದಿಯಲ್ಲಿ ಮಾತ್ರ ಅದು 'ಹಸು ಒಂದು, ಮರಣ' ಎಂದು ಬರೆದುಹೋಗುತ್ತದೆ.

ಈ ಕಾರಣದಿಂದಲೇ ನಾಯಿ ಬೆಕ್ಕುಗಳ ಚಿಕಿತ್ಸೆಯನ್ನು ಶ್ರೀಮಂತರ ಶೋಕಿಯೆಂದು ನೋಡುವುದು ಸರಿಯಲ್ಲ. ಸರ್ಕಾರಿ ಔಷಧ ದನಕ್ಕಾಗಿ ಇರುವುದು, ನಾಯಿಗೇಕೆ ಎಂದು ಕೇಳುವವರುಂಟು. ಮಲೆನಾಡಿನ ಒಂಟಿಮನೆಗೆ ನಾಯಿಯೇ ಕಾವಲು. ತೋಟದ ಮಂಗನನ್ನು ಅಟ್ಟುವುದೂ, ಕಾಡುಹಂದಿಯ ಸುಳಿವು ಕೊಡುವುದೂ, ಚಿರತೆಯ ಬಾಯಿಗೆ ಮೊದಲು ಹೋಗುವುದೂ ಅದೇ. ಕಣಜದ ಬತ್ತವನ್ನು ಇಲಿಯಿಂದ ಉಳಿಸುವುದು ಬೆಕ್ಕು. ೧೯೭೮ರ ಸುಮಾರಿಗೆ ಲೋಕದಲ್ಲಿ ಹೊಸದಾಗಿ ತಲೆದೋರಿದ, ರಕ್ತಭೇದಿಯಿಂದ ನಾಯಿಮರಿಗಳನ್ನು ಕೊಲ್ಲುವ ಪಾರ್ವೊ ಎಂಬ ಪಿಡುಗು ಇಂದು ಹಳ್ಳಿಹಳ್ಳಿಗೂ ಮುಟ್ಟಿದೆ. ಮರಿಗೆ ಅದರ ಲಸಿಕೆ ಹಾಕಿಸಲು ಬಂದವನಿಗೆ ವೈದ್ಯನು ಹುಚ್ಚುರೋಗದ ಲಸಿಕೆಯನ್ನೂ ನೆನಪಿಸಿ ಹಾಕುತ್ತಾನೆ. ಮೂರು ತಿಂಗಳ ಮರಿಗೆ ಮೊದಲು, ಆಮೇಲೆ ವರ್ಷಕ್ಕೊಮ್ಮೆ ಹಾಕುವ ಆ ಸೂಜಿಮದ್ದಿನಿಂದ ಕಾಪಾಡಲ್ಪಡುವುದು ನಾಯಿ ಮಾತ್ರವಲ್ಲ. ಅದರೊಡನೆ ಆಡುವ ಮಕ್ಕಳು, ದಾರಿಯಲ್ಲಿ ಶಾಲೆಗೆ ಹೋಗುವ ಮಕ್ಕಳು. ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿಮಾಡತಕ್ಕ ರೋಗವೆಂದು ಕರ್ನಾಟಕ ಸರ್ಕಾರವು ೨೦೨೨ರಲ್ಲಿ ಸಾರಿತು. ವರದಿಯ ಕೊನೆಯಲ್ಲಿ ಮನುಷ್ಯನಿದ್ದರೂ ಮೊದಲಲ್ಲಿರುವುದು ನಾಯಿಯೇ.

೭

ಮೇಲೆ ಹೇಳಿದ ಸಂಗತಿಗಳನ್ನು ಒಟ್ಟಿಗೆ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಕೋಡಿಯಮಠದ ಶಾಸನವು ಔಷಧವನ್ನೂ ಅಭಯವನ್ನೂ ಒಂದೇ ಛಾವಣಿಯ ಕೆಳಗೆ ಇಟ್ಟಿದ್ದಿತು. ನಡುವಣ ಶತಮಾನಗಳಲ್ಲಿ ಅವು ಬೇರೆಯಾದುವು. ಅರಸನ ದನಕ್ಕೆ ಇಲಾಖೆ, ಒಕ್ಕಲಿಗನ ದನಕ್ಕೆ ಹರಕೆ ಎಂಬಂತಾಯಿತು. ದೊಡ್ಡರೋಗವು ಸರ್ಕಾರವನ್ನು ಬಡವನ ಕೊಟ್ಟಿಗೆಯವರೆಗೆ ಎಳೆದುತಂದಿತು. ಕ್ಯಾಸನೂರು, ಕೊಟ್ಟಿಗೆಗೂ ಮನುಷ್ಯನ ಹಾಸಿಗೆಗೂ ನಡುವೆ ಗೋಡೆಯಿಲ್ಲವೆಂಬುದನ್ನು ತೋರಿಸಿಕೊಟ್ಟಿತು. ಪ್ರಾಣಿಯ ಆರೋಗ್ಯ, ಮನುಷ್ಯನ ಆರೋಗ್ಯ, ಕಾಡಿನ ಆರೋಗ್ಯ ಇವು ಮೂರೂ ಒಂದೇ ಎಂಬ ಮಾತನ್ನು ಈಗ ದೇಶದೇಶದ ವಿದ್ವತ್ಸಭೆಗಳಲ್ಲಿ ಹೊಸ ತತ್ತ್ವವೆಂಬಂತೆ ಹೇಳುತ್ತಾರೆ. ನಮ್ಮ ಸೀಮೆಯವರು ಅದನ್ನು ಪ್ರಾಣತೆತ್ತು ಕಲಿತಿದ್ದಾರೆ.

ಆದರೂ ಪಶುವೈದ್ಯಶಾಲೆಯ ಬೆಲೆಯನ್ನು ಕಟ್ಟುವಾಗ ಇಂದಿಗೂ ಎಷ್ಟು ದನಗಳಿಗೆ ಮದ್ದು ಕೊಟ್ಟರು, ಎಷ್ಟು ಕರು ಹುಟ್ಟಿದುವು ಎಂಬ ಲೆಕ್ಕವನ್ನಷ್ಟೇ ಹಿಡಿಯುತ್ತಾರೆ. ದನಗಳು ಕಡಮೆಯಾದುವು, ಆದುದರಿಂದ ವೈದ್ಯರೂ ಕಡಮೆಯಾದರೆ ಸಾಕು ಎಂಬ ತರ್ಕ ಈ ಲೆಕ್ಕದಿಂದ ಸುಲಭವಾಗಿ ಹುಟ್ಟುತ್ತದೆ. ೧೮೬೦ರಲ್ಲಿ ಅಮೃತಮಹಲನ್ನು ಮುಚ್ಚಿದವರ ತರ್ಕವೂ ಇಂಥದೇ ಆಗಿದ್ದಿತು. ಅವರಿಗೆ ಆರು ವರ್ಷಗಳಲ್ಲಿ ತಪ್ಪನ್ನು ತಿದ್ದಿಕೊಳ್ಳುವ ಅವಕಾಶ ದೊರೆಯಿತು. ಎತ್ತುಗಳನ್ನು ಮತ್ತೆ ಬೆಳೆಸಿಕೊಂಡರು. ಕಾಡಿನಲ್ಲಿ ಸತ್ತ ಮಂಗವನ್ನು ಹೊತ್ತಿಗೆ ನೋಡುವವರಿಲ್ಲದೆ ಕಳೆದುಕೊಂಡ ಮನುಷ್ಯರನ್ನು ಹಾಗೆ ಮರಳಿ ತರಲಾಗದು.

ಓದುಬರಹ ಬಲ್ಲ ಮನೆಗಳವರು ಈ ವಿಷಯದಲ್ಲಿ ಮಾಡಬಹುದಾದುದು ಬಹಳವಿದೆ. ಸತ್ತ ಮಂಗವನ್ನು ಕಂಡಲ್ಲಿ ಅದನ್ನು ಮುಟ್ಟದೆ ಅಂದೇ ಸುದ್ದಿ ಕೊಡುವುದು, ಮನೆಯ ನಾಯಿಗೆ ವರ್ಷವರ್ಷವೂ ಲಸಿಕೆ ಹಾಕಿಸುವುದು, ನೆರೆಯ ಬಡವನ ನಾಯಿಯನ್ನೂ ಜೊತೆಯಲ್ಲಿ ಕರೆದೊಯ್ಯುವುದು, ಹೋಬಳಿಯ ವೈದ್ಯರ ಸ್ಥಾನ ತೆರವಾದಾಗ ಸಭೆ ಸೇರಿ ಕೇಳುವುದು ಇವು ಯಾರಿಗೂ ಭಾರವಾದ ಕೆಲಸಗಳಲ್ಲ. ಇವುಗಳ ಜೊತೆಗೆ ಇನ್ನೊಂದು ಕಾರ್ಯವೂ ಉಂಟು. ದೊಡ್ಡರೋಗದ ದಿನಗಳನ್ನೂ ಮಂಗನ ಕಾಯಿಲೆಯ ಮೊದಲ ಬೇಸಗೆಯನ್ನೂ ಕಣ್ಣಾರೆ ಕಂಡ ಹಿರಿಯರು ಹಳ್ಳಿಗಳಲ್ಲಿ ಇನ್ನೂ ಕೆಲವರಿದ್ದಾರೆ. ನಾಟಿವೈದ್ಯರ ಕೈಬರಹದ ಕಡತಗಳು ಅಟ್ಟಗಳ ಮೇಲೆ ಗೆದ್ದಲಿಗೆ ಆಹಾರವಾಗುತ್ತಿವೆ. ಹಿರಿಯರ ಮಾತುಗಳನ್ನು ಕೇಳಿ ಬರೆದಿಟ್ಟುಕೊಂಡು, ಆ ಕಡತಗಳನ್ನು ಕೂಡಿಸಿ ಕಾಪಾಡುವ ಕೆಲಸವನ್ನು ತಾಲ್ಲೂಕಿನ ಆಸಕ್ತರು ಬೇಗನೆ ಕೈಕೊಂಡರೆ ಈ ಚರಿತ್ರೆಯ ಉಳಿದ ಭಾಗವನ್ನು ಮುಂದೆ ಯಾರಾದರೂ ಇದಕ್ಕಿಂತ ಪೂರ್ಣವಾಗಿ ಬರೆಯಬಹುದು.